ಟ್ರೆಂಚ್ ಕೋಟು ಮತ್ತು ಗಂಡನ ಹಳೇ ಅಂಗಿ

ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗಳು ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಪೆಟ್ಟಿಗೆಯಿಂದ ಒಂದೊಂದೇ ಸಾಮಾನು ತೆಗೆದು ಮಂಚದ ಮೇಲೆ ಹರವಿದಳು. ಚಾಕಲೇಟು, ನಮ್ಮವರಿಗೆ ಕ್ಷೌರದ ಯಂತ್ರ, ಅತ್ತೆಯವರಿಗೆ ಉಣ್ಣೆಯ ಕಾಲುಚೀಲ. ಕಟ್ಟಕಡೆಗೆ, ಒಣಗಿದ ಜೋಳದ ದಂಟಿನ ಬಣ್ಣದ ಒಂದು ಉದ್ದನೆಯ ಕೋಟು. "ಇದು ನಿನಗವ್ವಾ" ಅಂದಳು. ಅತ್ತೆಯವರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದೇನವ್ವಾ, ಪೋಸ್ಟಮನ್ನನ ಕೋಟ ತಂದೀಯಲ್ಲ!" ಅಂದರು. ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಕನ್ನಡಿಯ ಎದುರು ಅದನ್ನು ಹಾಕಿಕೊಂಡು ನಿಂತೆ. ಐವತ್ತು ದಾಟಿದ ಶಾಲೆಯ ಅಕ್ಕೋರು ಹೀಗೆ ಕದ್ದು ಕೋಟು ಹಾಕಿಕೊಂಡದ್ದಕ್ಕೆ ಕಾರಣವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಅದರ ಹೆಸರು ಟ್ರೆಂಚ್ ಕೋಟು ಎಂದು ಮಗಳು ಹೇಳಿದಳು. ಟ್ರೆಂಚ್ ಎಂದರೆ ಕಂದಕ, ಉದ್ದನೆಯ ತಗ್ಗು. ನಮ್ಮ ತೇರದಾಳದ ಸುತ್ತ ಟ್ರೆಂಚ್ ಅಂದರೆ ಓದು ಬಾರದವರಿಗೂ ಗೊತ್ತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು "ಇವತ್ತ ಟ್ರೆಂಚ್ ಹೊಡ್ಯಾಕ ಹೋಗಿದ್ವಿ" ಅನ್ನುತ್ತಾರೆ. ತಗ್ಗು ತೋಡುವುದಕ್ಕೂ ಕೋಟಿಗೂ ಏನು ಸಂಬಂಧವೆಂದು ಇತಿಹಾಸ ಕಲಿಸುವ ನನಗೇ ಗೊತ್ತಿರಲಿಲ್ಲ. ಮೊದಲ ಮಹಾಯುದ್ಧದ ಪಾಠವನ್ನು ಎಷ್ಟು ವರ್ಷ ಕಲಿಸಿದ್ದೇನೆ; ಕಾರಣಗಳು ಐದು, ಪರಿಣಾಮಗಳು ಆರು ಎಂದು ಬರೆಸಿದ್ದೇನೆ. ಆ ಸೈನಿಕರು ಮಳೆಯಲ್ಲಿ ಏನು ಹೊದ್ದುಕೊಂಡಿದ್ದರು ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

1914ರಿಂದ 1918ರವರೆಗೆ ಫ್ರಾನ್ಸ್ ಮತ್ತು ಬೆಲ್ಜಿಯಂ ನೆಲದಲ್ಲಿ ಎರಡೂ ಕಡೆಯ ಸೈನ್ಯಗಳು ಕಂದಕ ತೋಡಿಕೊಂಡು ಎದುರುಬದುರು ಕೂತವು. ಮೇಲೆ ಮಳೆ, ಕೆಳಗೆ ಮೊಣಕಾಲು ಮಟ ಕೆಸರು. ಸಾಮಾನ್ಯ ಸಿಪಾಯಿಗೆ ಸರಕಾರ ಕೊಟ್ಟದ್ದು ಉಣ್ಣೆಯ ದಪ್ಪನೆಯ ಉದ್ದ ಕೋಟು. ಅದು ನೀರು ಕುಡಿದು ಕೆಸರು ಮೆತ್ತಿಕೊಂಡರೆ ಹೊತ್ತವನಿಗೆ ಹೊರೆಯಾಗುತ್ತಿತ್ತು. ಅಧಿಕಾರಿಗಳು ಮಾತ್ರ ತಮ್ಮ ಬಟ್ಟೆಯನ್ನು ತಾವೇ ಖರೀದಿಸಬೇಕಿತ್ತು. ಅವರಿಗಾಗಿ ಲಂಡನ್ನಿನ ದರ್ಜಿ ಮನೆಗಳು ಹಗುರವಾದ, ನೀರು ತಡೆಯುವ, ನಡು ಬಿಗಿಯುವ ಪಟ್ಟಿಯಿರುವ ಕೋಟು ಹೊಲಿದು ಮಾರಿದವು. ಕಂದಕದಲ್ಲಿ ಹಾಕಿಕೊಳ್ಳುವ ಕೋಟಾದ್ದರಿಂದ ಅದೇ ಹೆಸರು ನಿಂತಿತು. ಅಂದರೆ ಕಂದಕ ತೋಡಿದವನಿಗೆ ಆ ಕೋಟು ಸಿಗಲಿಲ್ಲ, ತೋಡಿಸಿದವನಿಗೆ ಸಿಕ್ಕಿತು. ಇದನ್ನು ಓದಿದಾಗ ನನಗೆ ಏಕೋ ಆಶ್ಚರ್ಯವಾಗಲಿಲ್ಲ.

ಆ ಯುದ್ಧಕ್ಕೆ ನಮ್ಮವರೂ ಹೋಗಿದ್ದರು. 1914ರ ಸೆಪ್ಟೆಂಬರ್ ಕೊನೆಗೆ ಹಿಂದೂಸ್ತಾನದ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದಾಗ ಬಹಳ ಮಂದಿಯ ಮೈಮೇಲೆ ಇದ್ದದ್ದು ಬೇಸಿಗೆಗೆ ಹೊಲಿದ ತೆಳ್ಳನೆಯ ಹತ್ತಿಬಟ್ಟೆ. ಮುಂದೆ ಬಂದದ್ದು ಯುರೋಪಿನ ಚಳಿಗಾಲ. ಬೆಚ್ಚನೆಯ ಕೋಟುಗಳು ಎಲ್ಲರ ಕೈಗೆ ಸೇರುವ ಹೊತ್ತಿಗೆ ಚಳಿ ತನ್ನ ಕೆಲಸ ಮಾಡಿತ್ತು. ಮರಾಠಾ ಪಲಟಣಗಳು ಇರಾಕಿನ ಕಡೆ ಕಾದಾಡಿದವು. 1916ರಲ್ಲಿ ಕುಟ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕು ಹಸಿದು ಶರಣಾದ ಸೈನ್ಯದಲ್ಲಿ ಅವರೂ ಇದ್ದರು. ಆ ರೆಜಿಮೆಂಟಿನ ಕೇಂದ್ರ 1922ರಿಂದ ನಮ್ಮ ಬೆಳಗಾವಿಯಲ್ಲೇ ಇದೆ. ಆಗ ತೇರದಾಳ ಸಾಂಗಲಿ ಸಂಸ್ಥಾನದ ಊರು. ಶಾಲೆಯಲ್ಲಿ ಈ ಯುದ್ಧ ದೂರದ ಕಥೆಯಂತೆ ಕೇಳಿಸುತ್ತದೆ. ಅಷ್ಟು ದೂರದ್ದೇನಲ್ಲ.

ಇನ್ನು ಅತ್ತೆಯವರಿಗೆ ಪೋಸ್ಟಮನ್ನನ ನೆನಪು ತಂದ ಆ ಖಾಕಿ ಬಣ್ಣ. ಖಾಕ್ ಎಂದರೆ ಫಾರಸಿಯಲ್ಲಿ ಮಣ್ಣು, ಧೂಳು. 1840ರ ದಶಕದಲ್ಲಿ ವಾಯವ್ಯ ಗಡಿಯ ಗೈಡ್ಸ್ ಎಂಬ ಪಡೆಯವರು ಬಿಳಿ ಬಟ್ಟೆಯನ್ನು ಮಣ್ಣಿನ ಬಣ್ಣಕ್ಕೆ ತಿರುಗಿಸಿಕೊಂಡರೆಂದು ಹೇಳುತ್ತಾರೆ. ಆದರೆ ಕಾರ್ಖಾನೆಯಲ್ಲಿ ಖಾಕಿ ಬಣ್ಣ ಕಟ್ಟಿದ ಕೀರ್ತಿ ನಮ್ಮ ಮಂಗಳೂರಿನದು. ಬಾಸೆಲ್ ಮಿಶನ್ನಿನವರು 1851ರ ಸುಮಾರಿಗೆ ಅಲ್ಲಿ ನೇಯ್ಗೆ ಕಾರ್ಖಾನೆ ತೆರೆದರು. ಅದನ್ನು ನೋಡಿಕೊಳ್ಳಲು ಯುರೋಪಿನಿಂದ ಬಂದ ಹಾಲರ್ ಎಂಬಾತ ಸ್ವತಃ ನೇಕಾರ. ಖಾಕಿ ಬಣ್ಣದ ಗುಟ್ಟು ಕಂಡುಹಿಡಿದವನು ಅವನೇ ಎಂದು ಮಂಗಳೂರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಮುಂದೆ ಬ್ರಿಟಿಷ್ ಸೈನ್ಯವೆಲ್ಲ ಖಾಕಿಯಾಯಿತು, ಪೊಲೀಸರು ಖಾಕಿಯಾದರು, ಅಂಚೆಯವರು ಖಾಕಿಯಾದರು. ಮಗಳು ವಿಲಾಯತಿಯಿಂದ ತಂದ ಬಣ್ಣ ಕರಾವಳಿಯಿಂದ ಹೊರಟು ಒಂದು ಸುತ್ತು ಹಾಕಿ ಬಂದದ್ದು ಎಂದಾಯಿತು. ಕೋಟಿನ ಒಳಗಿನ ಚೀಟಿ ನೋಡಿದರೆ ಹೊಲಿದದ್ದು ಬಾಂಗ್ಲಾದೇಶದಲ್ಲಿ! ಅದನ್ನು ಮಗಳು ಕೊಂಡದ್ದು ಹಳೆಬಟ್ಟೆ ಮಾರುವ ಅಂಗಡಿಯಲ್ಲಂತೆ. ನನ್ನ ಕೈಯಲ್ಲಿ ಕಲಿತ ಹುಡುಗಿಯರು ಕೆಲವರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇಂಥವೇ ಜಾಕೀಟುಗಳಿಗೆ ದಿನವಿಡೀ ತೋಳು ಕೂಡಿಸುತ್ತಾರೆ. ಒಬ್ಬಳು ಯುಗಾದಿಗೆ ಬಂದಾಗ, "ಹೊಲದದ್ದೆಷ್ಟೋ ಅಕ್ಕೋರ, ಒಂದೂ ಮೈಮ್ಯಾಲ ಹಾಕ್ಕೊಂಡ ನೋಡಿಲ್ರಿ" ಅಂದಿದ್ದಳು.

ನಮ್ಮದು ನೇಕಾರರ ಸೀಮೆ. ರಬಕವಿ, ಬನಹಟ್ಟಿ, ತೇರದಾಳದ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳದೆ ಬೆಳೆದವರು ಯಾರಿದ್ದಾರೆ? ಬಟ್ಟೆ ಕಂಡರೆ ಮೊದಲು ಮಗ್ಗುಲು ತಿರುವಿ ನೋಡುವ ಚಟ ನಮಗೆಲ್ಲ ಇದೆ. ಮರುದಿನ ಎದುರುಮನೆಯ ನೇಕಾರ ಕಾಕಾ ಬಂದಾಗ ಕೋಟನ್ನು ಅವರ ಮುಂದಿಟ್ಟೆ. ಅವರು ಅದರ ಅಂದಚೆಂದ ನೋಡಲೇ ಇಲ್ಲ. ಅಂಚು ಮಡಚಿ, ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, "ಹಾಸು ಹೊಕ್ಕಿಗಿಂತ ಭಾಳ ದಟ್ಟ ಐತಿ ನೋಡ್ರಿ. ಓರೆ ಗೆರಿ ಎದ್ದಾವ, ಸಾದಾ ನೇಯ್ಗಿ ಅಲ್ಲ. ನೀರ ಬಿದ್ರ ಜಾರಿ ಹೋಗತೈತಿ" ಅಂದರು. ಪುಸ್ತಕದಲ್ಲಿ ನಾನು ಎರಡು ಪುಟ ಓದಿ ತಿಳಿದದ್ದನ್ನು ಅವರು ಹೆಬ್ಬೆರಳಿನಿಂದ ತಿಳಿದರು.

ಆ ನೇಯ್ಗೆಗೆ ಗ್ಯಾಬರ್ಡೀನ್ ಎಂದು ಹೆಸರು. ಅದಕ್ಕೂ ಮೊದಲು ಮಳೆಕೋಟು ಎಂದರೆ ರಬ್ಬರಿನದು. 1823ರಲ್ಲಿ ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ರಬ್ಬರಿನ ಲೇಪ ಸೇರಿಸಿ ನೀರಿಳಿಯದ ಬಟ್ಟೆ ಮಾಡಿದ್ದ. ಹೊರಗಿನ ನೀರು ಒಳಗೆ ಬರುತ್ತಿರಲಿಲ್ಲ ಸರಿ, ಒಳಗಿನ ಬೆವರೂ ಹೊರಗೆ ಹೋಗುತ್ತಿರಲಿಲ್ಲ. ಮೇಲಾಗಿ ವಾಸನೆ. ನಮ್ಮ ಪೇಟೆಯ ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟು ಹಾಕಿಕೊಂಡವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಥಾಮಸ್ ಬರ್ಬೆರಿ ಎಂಬ ಬಟ್ಟೆ ವ್ಯಾಪಾರಿ 1856ರಲ್ಲಿ, ಇನ್ನೂ ಇಪ್ಪತ್ತೊಂದರ ಹುಡುಗನಾಗಿದ್ದಾಗ, ಬೇಸಿಂಗ್‌ಸ್ಟೋಕ್ ಎಂಬ ಊರಲ್ಲಿ ಅಂಗಡಿ ಹಾಕಿದ. ನೇಯ್ದ ಮೇಲೆ ಬಟ್ಟೆಗೆ ಲೇಪ ಬಳಿಯುವುದರ ಬದಲು, ನೇಯುವ ಮೊದಲೇ ನೂಲಿಗೆ ನೀರು ತಡೆಯುವ ಗುಣ ಕೊಟ್ಟು ಆಮೇಲೆ ಬಿಗಿಯಾಗಿ ನೇಯುವುದು ಅವನ ಯುಕ್ತಿ. 1879ರಲ್ಲಿ ಅದು ಕೈಗೂಡಿತು, 1888ರಲ್ಲಿ ಪೇಟೆಂಟ್ ಪಡೆದ. ಗಾಳಿ ಆಡುತ್ತದೆ, ನೀರು ಇಳಿಯುವುದಿಲ್ಲ. ಆ್ಯಕ್ವಾಸ್ಕ್ಯುಟಮ್ ಎಂಬ ಇನ್ನೊಂದು ಅಂಗಡಿಯವರು 1850ರ ದಶಕದಲ್ಲೇ ನೀರು ತಡೆಯುವ ಉಣ್ಣೆ ಬಟ್ಟೆ ಮಾಡಿದ್ದರು. ಟ್ರೆಂಚ್ ಕೋಟು ಮೊದಲು ನಮ್ಮದೆಂದು ಈ ಇಬ್ಬರೂ ಹೇಳಿಕೊಳ್ಳುತ್ತಾರೆ. ಆ ಜಗಳ ಅವರಿಗೇ ಇರಲಿ.

ಬರ್ಬೆರಿಗೆ ಈ ಯೋಚನೆ ಬಂದದ್ದು ಕುರಿ ಕಾಯುವವರ ಮೇಲಂಗಿ ನೋಡಿ ಎಂಬ ಕಥೆಯಿದೆ. ಕುರಿಯ ಮೈಗೆ ತಾಗಿ ತಾಗಿ ಅಂಗಿಗೆ ಜಿಡ್ಡು ಹತ್ತಿ, ನೀರು ನಿಲ್ಲುತ್ತಿರಲಿಲ್ಲವಂತೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಅಜ್ಜಿಯ ಕಂಬಳಿ ನೆನೆಸಿಕೊಂಡೆ. ನಮ್ಮ ಹಾಲುಮತದವರು ದಖ್ಖನಿ ಕುರಿಯ ಉಣ್ಣೆ ಕತ್ತರಿಸಿ, ಹೆಂಗಸರು ಅದನ್ನು ನೂತು, ಗಂಡಸರು ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ ಕರಿಯ ಕಂಬಳಿ ಮಳೆಗೆ ಎಷ್ಟೋ ಹೊತ್ತು ತಡೆಯುತ್ತದೆ. ಅದನ್ನು ಒಂದು ಮೂಲೆಗೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡರೆ ತಲೆ, ಬೆನ್ನು, ಮೊಣಕಾಲಿನ ತನಕ ರಕ್ಷಣೆ. ನಮ್ಮ ಗ್ಯಾಬರ್ಡೀನ್ ಅದೇ. ಹೊಲಕ್ಕೆ ಹೊರಟ ಗಂಡಸಿನ ಹೆಗಲ ಮೇಲೆ ಕಂಬಳಿ ಇರುತ್ತಿತ್ತು. ಹಿಂದೆ ಬುತ್ತಿ ಹೊತ್ತು ನಡೆಯುವ ಹೆಂಗಸಿನ ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಬುತ್ತಿಯ ಬುಟ್ಟಿ. ಮಳೆ ಬಂದರೆ ಬುತ್ತಿ ತೋಯಬಾರದೆಂದು ಅವಳು ಸೆರಗನ್ನೂ ಬುಟ್ಟಿಗೇ ಮುಚ್ಚುತ್ತಿದ್ದಳು. ಕೂಸಿಗೆ ಕುಂಚಿಗೆ ಹೊಲಿದುಕೊಟ್ಟವಳೂ ಅವಳೇ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅವಳಿಗೂ ಒಂದು ಕೊಪ್ಪೆ ಸಿಕ್ಕಿತು. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿದರಾಯಿತು.

ಈಗ ನನ್ನ ಕಥೆ. ಬಿ.ಎಡ್. ಮುಗಿಸಿ ನೌಕರಿ ಸಿಕ್ಕ ಹೊಸತರಲ್ಲಿ, 1990ರ ದಶಕದ ಮೊದಲ ಭಾಗದಲ್ಲಿ, ಬಸ್ಸಿಳಿದು ಎರಡು ಮೈಲಿ ನಡೆದು ಶಾಲೆ ಸೇರಬೇಕಿತ್ತು. ಎರಡೂ ಕಡೆ ಕಬ್ಬು, ನಡುವೆ ಎರೆಮಣ್ಣಿನ ದಾರಿ. ನಮ್ಮ ಕಡೆ ಮಳೆ ಕಡಿಮೆ, ಆದರೆ ಬಂದಾಗ ಅಡ್ಡಗಾಳಿಯೊಂದಿಗೆ ಬರುತ್ತದೆ, ಕೊಡೆ ಉಲ್ಟಾ ಆಗುತ್ತದೆ. ನನ್ನ ಅಣ್ಣ ತನ್ನದೊಂದು ಉದ್ದನೆಯ ಮಳೆಕೋಟು ಕೊಟ್ಟಿದ್ದ. ಸೀರೆಯ ಮೇಲೆ ಅದನ್ನು ತೊಟ್ಟು, ಹಾಜರಿ ಪುಸ್ತಕ ಅದರ ಕಿಸೆಯಲ್ಲಿಟ್ಟುಕೊಂಡು ಮೂರು ದಿನ ಹೋದೆ. ನಾಲ್ಕನೆಯ ದಿನ ಆ ಊರಿನ ಹಿರಿಯರೊಬ್ಬರು ಶಾಲೆಯ ಕಟ್ಟೆಯ ಮೇಲೆ ಎಲ್ಲರೆದುರು, "ಅಕ್ಕೋರು ಗಂಡಸರ ಗತೆ ಕೋಟ ಹಾಕ್ಕೊಂಡ ತಿರಗಿದ್ರ ಹುಡಗ್ಯಾರು ಏನ ಕಲೀಬೇಕ್ರಿ?" ಅಂದರು. ಹಿರಿಯ ಶಿಕ್ಷಕರು ಸುಮ್ಮನೆ ನಕ್ಕರು. ಹುಡುಗರೂ ನಕ್ಕರು. ಐದನೆಯ ದಿನದಿಂದ ಕೋಟು ಮನೆಯ ಗೂಟಕ್ಕೆ ಹೋಯಿತು.

ಆಮೇಲೆ ಎಷ್ಟು ಮಳೆಗಾಲ ತೊಯ್ದ ಸೀರೆಯಲ್ಲೇ ಪಾಠ ಮಾಡಿದೆನೋ ಲೆಕ್ಕವಿಲ್ಲ. ನೆರಿಗೆ ಕಾಲಿಗೆ ಸುತ್ತಿಕೊಂಡು, ಕುಪ್ಪಸ ಬೆನ್ನಿಗೆ ಅಂಟಿಕೊಂಡು, ಮೈಮೇಲೇ ಒಣಗುವವರೆಗೆ ಕುರ್ಚಿಯಿಂದ ಏಳದೆ ಕೂತು ಹಾಜರಿ ಕರೆಯುವುದು. ಅದೆಂಥ ಮರ್ಯಾದೆಯೋ! ಒಣಗಿದ ಕೋಟು ನಾಚಿಕೆಗೇಡು, ತೊಯ್ದು ಮೈಗಂಟಿದ ಸೀರೆ ಸಭ್ಯತೆ. ಆ ಹಿರಿಯರ ಮೇಲೆ ಈಗ ಸಿಟ್ಟಿಲ್ಲ. ಒಂದು ಮಾತಿಗೆ ಹೆದರಿ ಅಷ್ಟು ವರ್ಷ ತೊಯ್ದ ನನ್ನ ಮೇಲೆ ಮಾತ್ರ ಒಮ್ಮೊಮ್ಮೆ ಬರುತ್ತದೆ.

ಆ ಕೋಟು ಬೇರೆ ಕಡೆ ಹೆಂಗಸರ ಮೈಮೇಲೆ ಬಂದ ಬಗೆ ಕೇಳಿ. ಯುದ್ಧಕ್ಕೆ ಗಂಡಸರು ಸಾಲದಾದಾಗ 1917ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರ ಸಹಾಯಕ ಸೇನಾ ದಳ ಕಟ್ಟಿದರು, ಖಾಕಿ ತೊಡಿಸಿದರು. ಬೇಕಾದಾಗ ಯಾರಿಗೂ ಅದು ಗಂಡಸರ ಬಟ್ಟೆ ಎನ್ನಿಸಲಿಲ್ಲ. ಎರಡನೆಯ ಯುದ್ಧದಲ್ಲಿ, 1942ರಲ್ಲಿ, ನಮ್ಮ ದೇಶದಲ್ಲೂ ಅಂಥದೊಂದು ದಳವಾಯಿತು. ಅಲ್ಲಿ ಖಾಕಿ ಸೀರೆಯೂ ಇತ್ತು. ಯುದ್ಧ ಮುಗಿದ ಮೇಲೆ ಕೋಟು ಸಿನಿಮಾಕ್ಕೆ ಹೋಯಿತು. ನಾವು ಚಿಕ್ಕವರಿದ್ದಾಗ ಪತ್ತೇದಾರಿ ಕಾದಂಬರಿಗಳ ಮುಖಪುಟದಲ್ಲಿ ಕಾಲರ್ ಎತ್ತಿದ ಉದ್ದ ಕೋಟಿನ ಪತ್ತೇದಾರನನ್ನು ನೋಡಿದ್ದೇವಲ್ಲ, ಅದೇ ಕೋಟು. 1942ರ 'ಕ್ಯಾಸಬ್ಲಾಂಕಾ'ದಲ್ಲಿ ಹಂಫ್ರಿ ಬೋಗಾರ್ಟ್ ತೊಟ್ಟದ್ದೂ ಅದೇ. ಗ್ರೇಟಾ ಗಾರ್ಬೊ, ಮರ್ಲೀನ್ ಡೀಟ್ರಿಚ್ ಅಂಥ ನಟಿಯರು ಅದನ್ನು ತೊಟ್ಟು ಇದು ನಮ್ಮದೂ ಹೌದು ಎಂದರು. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಚಿತ್ರದ ಕೊನೆಗೆ ಆಡ್ರಿ ಹೆಪ್‌ಬರ್ನ್ ಸುರಿಯುವ ಮಳೆಯಲ್ಲಿ ಬೆಕ್ಕು ಹುಡುಕುತ್ತ ನಿಲ್ಲುವುದು ಈ ಕೋಟಿನಲ್ಲಿ. ಮಗಳು ಮೊಬೈಲಿನಲ್ಲಿ ಆ ದೃಶ್ಯ ತೋರಿಸಿದಳು. ಅವಳೂ ತೊಯ್ದಿದ್ದಳು, ಆದರೆ ಯಾರೂ ನಗುತ್ತಿರಲಿಲ್ಲ. 1967ರ 'ಬೆಲ್ ದ ಜೂರ್' ಚಿತ್ರಕ್ಕೆ ಸೇಂಟ್ ಲೊರಾಂ ಎಂಬ ಫ್ರೆಂಚ್ ವಸ್ತ್ರ ವಿನ್ಯಾಸಕ ಅದನ್ನು ಮಿರುಗುವ ಕರಿಯ ಬಣ್ಣದಲ್ಲಿ ಮಾಡಿಕೊಟ್ಟ. ಆಮೇಲೆ ಗಿಡ್ಡದ್ದು, ತೋಳಿಲ್ಲದ್ದು, ಗುಲಾಬಿ, ನೀಲಿ ಎಲ್ಲ ಬಂದವು.

ಆದರೆ ಮೂಲದ ಗುರುತುಗಳು ಹೋಗಿಲ್ಲ ನೋಡಿ. ಭುಜದ ಮೇಲಿನ ಪಟ್ಟಿ ಸೈನ್ಯದ ಹುದ್ದೆಯ ಬಿಲ್ಲೆ ಹಾಕಲು. ಎದೆಯ ಮೇಲಿನ ಹೆಚ್ಚಿನ ತುಂಡು, ಮಳೆನೀರು ಒಳಗಿಳಿಯದಂತೆ. ಮುಂಗೈಯ ಪಟ್ಟಿ ಎಳೆದು ಬಿಗಿದರೆ ತೋಳೊಳಗೆ ನೀರು ನುಗ್ಗುವುದಿಲ್ಲ. ಹಿಂದಿನ ಸೀಳು ದಾಪುಗಾಲು ಹಾಕಲು. ನಡುಪಟ್ಟಿಯ ಲೋಹದ ಬಳೆಗೆ ಕೈಬಾಂಬು ತೂಗಿಸುತ್ತಿದ್ದರು ಎಂದು ಕಥೆ ಹೇಳುತ್ತಾರೆ. ನಕ್ಷೆಯ ಚೀಲದಂಥ ಸಾಮಾನಿಗೆ ಎನ್ನುವುದೇ ನಂಬುವಂಥದ್ದು. ಮತ್ತೆ ಆ ಕಿಸೆಗಳು! ಮೊಣಕೈ ತನಕ ಕೈ ಇಳಿಯುವ ಕಿಸೆಗಳು. ನಮ್ಮ ಹೆಣ್ಣುಮಕ್ಕಳಿಗೆ ಕಿಸೆ ಎಂದರೆ ಉಡಿ. ಹತ್ತಿ ಬಿಡಿಸಿದರೂ ಉಡಿಗೆ, ಮೆಣಸಿನಕಾಯಿ ಹರಿದರೂ ಉಡಿಗೆ, ಬಾಗಿನವೂ ಉಡಿಗೆ. ಸ್ವಂತದ ನಾಲ್ಕು ರೂಪಾಯಿ ಇಡಲು ಮಾತ್ರ ಸಂಚಿ, ಅದೂ ನಡುವಿಗೆ ಸಿಕ್ಕಿಸಿ ಬಚ್ಚಿಟ್ಟದ್ದು.

ಹಾಕಿಕೊಳ್ಳುವ ಬಗೆ ಮಗಳು ಕಲಿಸಿದಳು. ನಡುಪಟ್ಟಿಯನ್ನು ಬಕ್ಕಲಿಗೆ ಸಿಕ್ಕಿಸಬಾರದಂತೆ, ಸುಮ್ಮನೆ ಗಂಟು ಹಾಕಬೇಕಂತೆ. ತೋಳು ಒಂದು ಸುತ್ತು ಮಡಚಬೇಕು. ಚೂಡಿದಾರದ ಮೇಲಾದರೆ ಗುಂಡಿ ಬಿಟ್ಟು ಹಾಕಿದರೆ ಚೆಂದ. ಸೀರೆಯ ಮೇಲೆ ಹೇಗೆಂದು ಅವಳಿಗೂ ಗೊತ್ತಿರಲಿಲ್ಲ, ಅದನ್ನು ನಾನೇ ಕಂಡುಕೊಂಡೆ. ಹತ್ತಿ ಸೀರೆಯಾದರೆ ಒಳಗೆ ಉಬ್ಬುತ್ತದೆ. ತೆಳ್ಳನೆಯ ಸೀರೆ ಉಟ್ಟು, ಸೆರಗನ್ನು ಸಣ್ಣಗೆ ಮಡಚಿ ಭುಜಕ್ಕೆ ಪಿನ್ನು ಹಾಕಿ, ಅದರ ತುದಿಯನ್ನು ಕೋಟಿನೊಳಗೇ ನಡುವಿಗೆ ಸುತ್ತಿಕೊಂಡರೆ ಸರಿ. ಕೋಟು ಮೊಣಕಾಲಿಗಿಂತ ಒಂದು ಗೇಣು ಕೆಳಗಿದ್ದರೆ ನೆರಿಗೆ ತೊಯ್ಯುವುದಿಲ್ಲ. ಭುಜದೊಳಗಿನ ಮೆತ್ತೆ ನನಗೆ ಪೈಲ್ವಾನರ ಕಳೆ ತಂದಿತ್ತು. ನಮ್ಮ ಓಣಿಯ ದರ್ಜಿಯಿಂದ ಅದನ್ನು ಬಿಚ್ಚಿಸಿದೆ. ಕೊಳ್ಳುವವರಿದ್ದರೆ ಒಂದು ಮಾತು: ಇವತ್ತು ಅಂಗಡಿಯಲ್ಲಿ ಟ್ರೆಂಚ್ ಕೋಟೆಂದು ಮಾರುವ ಎಷ್ಟೋ ಬಟ್ಟೆ ನೀರು ತಡೆಯುವುದಿಲ್ಲ. ಒಂದು ಹನಿ ನೀರು ಹಾಕಿ ಜಾರುತ್ತದೋ ಇಂಗುತ್ತದೋ ನೋಡಿ ಕೊಳ್ಳಿ.

ಇಷ್ಟೆಲ್ಲ ಬರೆದ ಮೇಲೆ, ನಮ್ಮ ಸೀಮೆಯ ಹೆಂಗಸರು ಗಂಡಸರ ಅಂಗಿ ಎಂದೋ ತೊಟ್ಟಾಗಿದೆ ಎಂಬುದನ್ನು ಹೇಳಬೇಕು. ಕಬ್ಬಿನ ಗದ್ದೆಗೆ, ಅರಿಷಿಣ ಕೀಳಲು, ಟ್ರೆಂಚ್ ಹೊಡೆಯಲು ಹೋಗುವವರನ್ನು ಮುಂಜಾನೆ ಬಸ್ ನಿಲ್ದಾಣದ ಹತ್ತಿರ ನೋಡಿ. ಸೀರೆಯ ಮೇಲೆ ಗಂಡನದೋ ಮಗನದೋ ಉದ್ದ ತೋಳಿನ ಹಳೇ ಅಂಗಿ, ಕಾಲರಿನ ತನಕ ಗುಂಡಿ, ತಲೆಗೆ ಟಾವೆಲ್ಲು. ಕಬ್ಬಿನ ಗರಿ ಕೈ ಕೊಯ್ಯುತ್ತದೆ, ರವದಿ ಮೈ ತುರಿಸುತ್ತದೆ, ಬಿಸಿಲು ಸುಡುತ್ತದೆ. ಅವರಿಗೆ ಸಿನಿಮಾ ನಟಿ ದಾರಿ ತೋರಲಿಲ್ಲ, ಯಾವ ಹಿರಿಯರ ಅಪ್ಪಣೆಯೂ ಬೇಕಾಗಲಿಲ್ಲ. ಕಟ್ಟೆಯ ಮೇಲೆ ಕೂತು ನನಗೆ ಬುದ್ಧಿ ಹೇಳಿದವರ ಹೊಲದಲ್ಲೇ ಹತ್ತಾರು ಹೆಂಗಸರು ಗಂಡಸರ ಅಂಗಿ ತೊಟ್ಟು ಕಬ್ಬು ಕಡಿದಿರಬೇಕು. ದುಡಿಯುವವಳು ತೊಟ್ಟರೆ ಕಣ್ಣಿಗೆ ಬೀಳುವುದಿಲ್ಲ, ಕಲಿಸುವವಳು ತೊಟ್ಟರೆ ಬೀಳುತ್ತದೆ. ನನಗೂ ಅವರು ಆಗ ಕಂಡಿರಲಿಲ್ಲ ಎಂಬುದೂ ನಿಜ. ಕಂಡಿದ್ದರೆ ನಾಲ್ಕನೆಯ ದಿನವೇ ಉತ್ತರ ಕೊಡಬಹುದಿತ್ತು. 2018ರಲ್ಲಿ ರಾಜ್ಯದ ಮಹಿಳಾ ಪೊಲೀಸರು ಸೀರೆ ಬಿಟ್ಟು ಪ್ಯಾಂಟು ಶರ್ಟಿಗೆ ಬದಲಾಗಬೇಕೆಂದು ಆದೇಶವಾದಾಗ ಪತ್ರಿಕೆಯಲ್ಲಿ ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ತಾಸು ಚರ್ಚೆ ನಡೆಯಿತು. ಕಳ್ಳನನ್ನು ಬೆನ್ನಟ್ಟಲು ನೆರಿಗೆ ಅಡ್ಡಿ ಎಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತೆ?

ನನ್ನ ಹೆದರಿಕೆ ಬಿಟ್ಟದ್ದು 2019ರ ಆಗಸ್ಟಿನಲ್ಲಿ. ಕೃಷ್ಣೆ ಉಕ್ಕಿ ಹೊಳೆದಂಡೆಯ ಹಳ್ಳಿಗಳೆಲ್ಲ ನೀರಿನಲ್ಲಿ ನಿಂತವು. ಶಾಲೆಗಳು ಗಂಜಿಕೇಂದ್ರಗಳಾದವು. ನಮಗೆಲ್ಲ ಅಲ್ಲೇ ಕೆಲಸ. ಸುರಿಯುವ ಮಳೆಯಲ್ಲಿ ಹೊರಡುವಾಗ ಹಿಂದುಮುಂದು ನೋಡದೆ ನಮ್ಮವರ ರೇನ್‌ಕೋಟು ಹಾಕಿಕೊಂಡೆ. ಹೆಸರು ಬರೆಯುವ ಪಟ್ಟಿ, ಗುಳಿಗೆ, ಬೀಗದ ಕೈ, ಯಾರದೋ ಕೂಸಿನ ಹಾಲಿನ ಬಾಟಲಿ ಎಲ್ಲ ಅದರ ಕಿಸೆಯಲ್ಲಿ. ಟ್ರಾಕ್ಟರಿನಿಂದ ಇಳಿಯುತ್ತಿದ್ದ ಹೆಂಗಸರಲ್ಲಿ ಕೆಲವರ ತಲೆಯ ಮೇಲೆ ಗೊಬ್ಬರದ ಚೀಲ, ಕೆಲವರ ಮೈಮೇಲೆ ಗಂಡಸರ ಅಂಗಿ, ಒಬ್ಬ ಮುದುಕಿಯ ಮೈಮೇಲೆ ಮಾತ್ರ ಕರಿಯ ಕಂಬಳಿ. ಆ ಮೂರು ದಿನ ನನ್ನ ಕೋಟನ್ನು ಯಾರೂ ನೋಡಲಿಲ್ಲ. ನೋಡಿದವಳು ಒಬ್ಬಳೇ, ಆ ಮುದುಕಿ. "ಭೇಷ್ ಮಾಡೀದಿ ಅಕ್ಕೋರ, ಮೈ ಒಣಾ ಐತಿ" ಅಂದಳು.

ಮಗಳು ತಂದ ಕೋಟನ್ನು ನಾನು ಈಗ ಶಾಲೆಗೆ ಹಾಕಿಕೊಂಡು ಹೋಗುತ್ತೇನೆ. ಮೊದಲ ದಿನ ಏಳನೆಯ ತರಗತಿಯ ಹುಡುಗಿಯರು ಸುತ್ತ ನೆರೆದು ಪಟ್ಟಿ ಯಾಕೆ, ಬಳೆ ಯಾಕೆ ಎಂದು ಕೇಳಿದರು. ಆ ದಿನದ ಇತಿಹಾಸದ ಪಾಠ ಅದೇ ಆಯಿತು, ಕಾರಣ ಪರಿಣಾಮಗಳನ್ನು ಮರುದಿನ ಬರೆಸಿದೆ.

ಮೊನ್ನೆ ಭಾನುವಾರ ನಮ್ಮ ಮನೆಯ ಪಾತ್ರೆ ತಿಕ್ಕುವ, ಸುಗ್ಗಿಯಲ್ಲಿ ಕಬ್ಬಿಗೂ ಹೋಗುವ ಹೆಣ್ಣುಮಗಳು ಗೂಟದ ಕೋಟು ನೋಡಿ, "ಒಂದಸಲ ಹಾಕ್ಕೊಂಡ ನೋಡ್ಲೇನ್ರಿ?" ಅಂದಳು. ಕೈ ಒರೆಸಿಕೊಂಡು ತೊಟ್ಟಳು. ಕನ್ನಡಿಯ ಕಡೆ ತಿರುಗಲಿಲ್ಲ. ಎರಡೂ ಕೈ ಕಿಸೆಗೆ ಇಳಿಸಿದಳು, ಮೊಣಕೈ ತನಕ ಹೋದವು. "ಅಯ್ಯ, ನನ್ನ ಬುತ್ತಿನೂ ಹಿಡೀತೈತಲ್ರಿ ಇದರಾಗ!" ಅಂದಳು. ನಮ್ಮವರ ಎರಡು ಹಳೇ ಅಂಗಿಗಳನ್ನು ಅವಳಿಗೆಂದು ತೆಗೆದಿಟ್ಟಿದ್ದೆ. ಕೊಡುವ ಮೊದಲು ದರ್ಜಿಯ ಹತ್ತಿರ ಒಯ್ದು, ಒಂದೊಂದಕ್ಕೂ ಎರಡೆರಡು ಆಳವಾದ ಕಿಸೆ ಹಚ್ಚಲು ಹೇಳಿ ಬಂದಿದ್ದೇನೆ. ಮಿರಗ ಮಳೆ ಕೂಡುವುದರೊಳಗೆ ಕೊಡುತ್ತೇನೆ ಅಂದಿದ್ದಾನೆ.